ಎರಡು ಫರಸಿಯಷ್ಟು ಉಸುಕು

ಆ ವರ್ಷ ಸಂಕ್ರಾಂತಿ ಮುಗಿದ ವಾರ ಅವ್ವ ಬೀಜದ ಡಬ್ಬಿ ಇಳಿಸಿ, ಅಡುಗೆಮನೆಯ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಬೂದಿ ಸುರುವಿದಳು. ಬೆರಳಿನಿಂದ ಬೂದಿ ಸರಿಸುತ್ತ ಒಂದೊಂದೇ ಬೀಜ ಹೆಕ್ಕಿ ಬಟ್ಟಲಲ್ಲಿ ಇಟ್ಟಳು. ಹನ್ನೊಂದಾದವು. ಬೂದಿಯನ್ನು ಮತ್ತೊಮ್ಮೆ ಸರಿಸಿ ನೋಡಿದಳು. ಹನ್ನೊಂದೇ.

"ಮುಗೀತು," ಅಂದಳು. "ಇವು ಹುಟ್ಟಿ ಕಾಯಿ ಬಿಟ್ರ ಐತಿ, ಇಲ್ಲಂದ್ರ ಇಲ್ಲ."

ಅವು ಕರಬೂಜದ ಬೀಜ. ಪೇಟೆಯಲ್ಲಿ ಸಿಗುವ ಕರಬೂಜದ್ದಲ್ಲ. ಅವ್ವನ ತವರು ರಾಯಬಾಗ ತಾಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲಿದೆ. ಮೊದಲು ಬೇಸಿಗೆ ಬಂದರೆ ಅಲ್ಲಿ ಹೊಳೆ ಆಚೆ ದಡಕ್ಕೆ ಸರಿದು ಈಚೆ ಕಡೆ ಉದ್ದಕ್ಕೂ ಉಸುಕು ಬಿಟ್ಟುಕೊಡುತ್ತಿತ್ತು. ಅವ್ವನ ಮನೆಯವರು ಆ ಉಸುಕಿನಲ್ಲಿ ಮೊಣಕಾಲು ಮಟ್ಟದ ಕುಣಿ ತೋಡಿ, ತಳಕ್ಕೆ ತಿಪ್ಪೆಗೊಬ್ಬರ ತುಂಬಿ, ಕುಣಿಗೆ ನಾಲ್ಕರಂತೆ ಬೀಜ ಊರುತ್ತಿದ್ದರು. ಆ ಹೊಲ ಯಾರ ಹೆಸರಿನಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ಬಂದು ತನ್ನದನ್ನು ತಾನು ತೆಗೆದುಕೊಳ್ಳುತ್ತಿತ್ತು. ನಾನು ಸಣ್ಣವಳಿದ್ದಾಗ ಎರಡು ಬೇಸಿಗೆ ಅಲ್ಲಿ ಕಳೆದಿದ್ದೇನೆ. ಮುಂಜಾನೆ ತಣ್ಣಗಿದ್ದ ಉಸುಕು ಊಟದ ಹೊತ್ತಿಗೆ ಕಾಲಿಡಲಾಗದಂತೆ ಕಾಯ್ದಿರುತ್ತಿತ್ತು. ಹಣ್ಣಿನ ವಾಸನೆ ದಡ ಹತ್ತಿ ಊರ ಅಗಸಿ ಬಾಗಿಲವರೆಗೂ ಬರುತ್ತಿತ್ತು.

ಆಮೇಲೆ ಊರ ಕೆಳಗೆ ಬಂಧಾರೆ ಕಟ್ಟಿದರು. ಬೇಸಿಗೆಯಲ್ಲೂ ನೀರು ನಿಂತಿತು, ದಂಡೆಯವರೆಲ್ಲ ಕಬ್ಬು ಹಚ್ಚಿದರು. ನನ್ನ ಮಾವಂದಿರ ಮನೆಗೂ ಮಾಳಿಗೆ ಬಂತು. ಅದರಲ್ಲಿ ಯಾರ ತಪ್ಪೂ ಇಲ್ಲ. ಉಸುಕು ಮಾತ್ರ ಮತ್ತೆ ಹೊರಗೆ ಬರಲಿಲ್ಲ. ಕಡೆಯ ವರ್ಷದ ಹಣ್ಣಿನ ಬೀಜವನ್ನು ಅವ್ವ ಒಲೆಯ ಬೂದಿಯಲ್ಲಿ ಬೆರೆಸಿ ಡಬ್ಬಿಗೆ ತುಂಬಿಕೊಂಡು ಬಂದಳು. ಅಪ್ಪನಿಗೆ ವರ್ಗವಾದಲ್ಲೆಲ್ಲ ಆ ಡಬ್ಬಿ ಬಂತು. ಅಥಣಿಯ ಬಾಡಿಗೆ ಮನೆಗೆ ಹಿತ್ತಲಿತ್ತು. ಅಲ್ಲಿ ಎರಡು ವರ್ಷ ಹಣ್ಣು ತಿಂದೆವು, ಬೀಜವೂ ಹೊಸದಾಯಿತು. ಚಿಕ್ಕೋಡಿಯಲ್ಲಿ ಹಿತ್ತಲಿರಲಿಲ್ಲ. ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಹಚ್ಚಿದಳು. ಮೂರು ವರ್ಷವೂ ಕಾಯಿ ಲಿಂಬೆಯಷ್ಟಾಗುವ ಹೊತ್ತಿಗೆ ಮಂಗಗಳು ಬಂದವು. ಪ್ರತಿ ವರ್ಷ ಡಬ್ಬಿಯಿಂದ ಬೀಜ ಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ. ಹೀಗೆ ಹನ್ನೊಂದು ಉಳಿದಿದ್ದವು.

ನಾವು ಆಗ ನಿಪ್ಪಾಣಿಯಲ್ಲಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದು ಏಳೆಂಟು ತಿಂಗಳಾಗಿತ್ತು. ಎರಡು ಕಡೆ ಅರ್ಜಿ ಹಾಕಿದ್ದೆ, ಉತ್ತರ ಬಂದಿರಲಿಲ್ಲ. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಅದಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ.

ನಾವು ಕೆಳಗಿನ ಮನೆಯಲ್ಲಿ, ಮನೆಯ ಮಾಲಕಿ ಮೇಲಿನ ಮನೆಯಲ್ಲಿ. ಅವರನ್ನು ನಾನು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ, ಮಾವಶಿ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ಜರಡಿ ಹಿಡಿದು ಇಬ್ಬರು ಮಕ್ಕಳನ್ನು ಬೆಳೆಸಿ, ಈ ಮನೆಯನ್ನೂ ಉಳಿಸಿಕೊಂಡವರು. ವಖಾರಿಯ ದೂಳು ಅವರ ಮೂಗನ್ನು ಕೆಡಿಸಿತ್ತು. ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ನಾನು ಬಂದ ಮೇಲೆ ಮೂಸಿ ನೋಡುವ ಕೆಲಸ ನನಗೆ ಬಂತು. ಮಧ್ಯಾಹ್ನ ಮೆಟ್ಟಿಲ ಮೇಲಿಂದ ಕೂಗುತ್ತಿದ್ದರು: "ಪೋರಿ, ಮ್ಯಾಲ ಬಾ. ನಿನ್ನ ಮೂಗ ತಗೊಂಡ ಬಾ." ನಾನು ಹೋಗಿ ನಿನ್ನೆಯ ಬೇಳೆ ಹಳಸಿದೆಯೋ, ಹಾಲು ಒಡೆದಿದೆಯೋ ಮೂಸಿ ಹೇಳಬೇಕು. "ಛಲೋ ಐತ್ರಿ" ಅಥವಾ "ಚೆಲ್ಲರಿ" ಎಂದಷ್ಟೇ ಹೇಳಿ ಇಳಿದು ಬರುತ್ತಿದ್ದೆ. ಕಲಿತ ಹುಡುಗಿ ಎರಡೇ ಮಾತು ಕಲಿತು ಬಂದಾಳೆಂದು ಅವರು ಅವ್ವನ ಮುಂದೆ ನಗುತ್ತಿದ್ದರು.

ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲು, ಬಚ್ಚಲು, ಗಟಾರ. ಗಟಾರಕ್ಕೂ ಗೋಡೆಗೂ ನಡುವೆ ಆರು ಮೊಳ ಉದ್ದ, ಒಂದೂವರೆ ಮೊಳ ಅಗಲದ ಮಣ್ಣು. ಅಲ್ಲಿ ಕಟ್ಟಿಗೆ ಒಟ್ಟಿದ್ದರು. ಅವ್ವ ಮೇಲೆ ಹೋಗಿ ಅದನ್ನು ಕೇಳಿದಳು. ನಾನು ಹಿಂದೆ ನಿಂತಿದ್ದೆ.

"ಅಕ್ಕಾರ, ಆ ಗ್ವಾಡಿ ಬಾಜೂಕಿನ ಮಣ್ಣ ಈ ಬ್ಯಾಸಗಿಗೆ ನನಗ ಕೊಡ್ರಿ."

"ಮಣ್ಣ ತಗೊಂಡ ಏನ ಮಾಡತಿ ತಂಗಿ?"

"ಕರಬೂಜ ಹಚ್ಚತೀನ್ರಿ."

ಮಾವಶಿ ನಕ್ಕರು. "ಅಲ್ಲಿ ನಾ ನಿಂತ್ರ ನನ್ನ ಎರಡೂ ಕಾಲ ಹಿಡಿಯೂದಿಲ್ಲ. ಕರಬೂಜ ಎಲ್ಲಿ ಕುಂಡ್ರತೈತಿ?"

"ಕುಂಡ್ರಾಕ ಬಿಡೂದಿಲ್ರಿ. ನಿಂತ ಬೆಳಸ್ತೀನಿ."

ಅವ್ವ ಬೀಜದ ಕತೆ ಹೇಳಿದಳು. ಮಾವಶಿ ಬಟ್ಟಲೊಳಗೆ ನೋಡಿದರು. ವೈಶಾಖದಲ್ಲಿ ತಮ್ಮ ಸಣ್ಣ ಮಗನ ಲಗ್ನವಿದೆ, ಬೀಗರು ಬರುವುದರೊಳಗೆ ಹಿತ್ತಲ ನೆಲಕ್ಕೆಲ್ಲ ಫರಸಿ ಕಲ್ಲು ಹಾಸಿಸಬೇಕು, ಗೌಂಡಿಗೆ ಹೇಳಿ ಇಟ್ಟಿದ್ದೇನೆ ಅಂದರು. "ಅಲ್ಲೀತನಕ ಏನರೆ ಮಾಡ್ಕೋ. ಗೌಂಡಿ ಬಂದ ಮ್ಯಾಲ ಬಳ್ಳಿ ನೋಡೂದಿಲ್ಲ, ಬೀಜಾ ನೋಡೂದಿಲ್ಲ."

ಅವ್ವ ಒಪ್ಪಿದಳು. ಒಂದು ಹಣ್ಣು ಸಾಕಿತ್ತು ಅವಳಿಗೆ. ಒಂದು ಬಲಿತ ಹಣ್ಣಿನಲ್ಲಿ ಡಬ್ಬಿ ತುಂಬುವಷ್ಟು ಬೀಜ ಇರುತ್ತವೆ.

ಕಟ್ಟಿಗೆ ಸರಿಸಿ ಮೂರು ಕುಣಿ ತೋಡಿದೆವು. ಕೆಳಗೆ ಗಟ್ಟಿ ಎರೆಮಣ್ಣು ಇತ್ತು. ನೆರೆಯಲ್ಲಿ ಮನೆ ಕಟ್ಟುತ್ತಿದ್ದವರಿಂದ ನಾಲ್ಕು ಬುಟ್ಟಿ ಉಸುಕು ಕೇಳಿ ತಂದು, ಗೊಬ್ಬರದ ಜೊತೆ ಕಲಸಿ ಕುಣಿ ತುಂಬಿದೆವು. ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಒಲೆಯ ಪಕ್ಕ ಇಟ್ಟಿದ್ದಳು ಅವ್ವ. ಬಿಚ್ಚಿದಾಗ ನಾಲ್ಕು ಮೊಳೆತಿದ್ದವು. ಉಳಿದ ಏಳನ್ನೂ ಊರಿದಳು. ಅವು ಏಳಲಿಲ್ಲ.

ನಾಲ್ಕು ಸಸಿ ಎರಡೆರಡು ಎಲೆ ಬಿಡುವ ಹೊತ್ತಿಗೆ ಕೆಂಪು ಹುಳ ಬಿದ್ದಿತು. ಒಂದೇ ಮುಂಜಾನೆಯಲ್ಲಿ ಒಂದು ಸಸಿಯ ಎಲೆ ಜರಡಿಯಂತಾಗಿ, ಮರುದಿನ ಅದು ಸತ್ತಿತು. ಅವ್ವ ಬೂದಿ ಹಾಕಿದಳು, ಹುಳ ಹೋಗಲಿಲ್ಲ. ಆ ಸಂಜೆ ಮಾವಶಿ ಒಂದು ಸಣ್ಣ ಗಂಟು ಹಿಡಿದು ಇಳಿದು ಬಂದರು. ತಂಬಾಕಿನ ಪುಡಿ.

"ಇದಕ್ಕ ನಿಲ್ಲೂ ಹುಳಾ ಇನ್ನೂ ಹುಟ್ಟಿಲ್ಲ," ಅಂದರು. ಗಂಟನ್ನು ಅರಿವೆಯ ಸಮೇತ ತಟ್ಟುತ್ತ ಎಲೆಗಳ ಮೇಲೆ ದೂಳು ಬೀಳಿಸಿದರು. ಮೂವತ್ತು ವರ್ಷ ಜರಡಿ ಹಿಡಿದ ಕೈ. ಒಂದು ಎಲೆಗೆ ಹೆಚ್ಚು, ಒಂದಕ್ಕೆ ಕಡಿಮೆ ಬೀಳಲಿಲ್ಲ. ನಮಗೆ ಸೀನು ಬಂತು, ಅವರಿಗೆ ಬರಲಿಲ್ಲ. ಮರುದಿನ ಒಂದೂ ಹುಳ ಇರಲಿಲ್ಲ.

ಅಂದಿನಿಂದ ಅದು ಅವರ ನೇಮವಾಯಿತು. ಸಂಜೆ ಗಂಟು ಹಿಡಿದು ಬರುವುದು, ತಟ್ಟುವುದು, ಬಳ್ಳಿ ಎಷ್ಟು ಏರಿದೆ ಎಂದು ಗೇಣು ಹಾಕಿ ನೋಡುವುದು. ಬಳ್ಳಿಗಳನ್ನು ಅವ್ವ ಸುತಳಿ ಕಟ್ಟಿ ಗೋಡೆಯ ಬಿದಿರು ಗಳಗಳಿಗೆ ಹಬ್ಬಿಸಿದ್ದಳು. ಕುಡಿ ಚಿವುಟಿದ ಮೇಲೆ ಅವು ಅಡ್ಡಕ್ಕೆ ಕವಲೊಡೆದವು. ಮಾರ್ಚ್ ಮೊದಲಿಗೆ ಗಂಡು ಹೂ ಬಂದವು. ಎರಡು ವಾರದ ಮೇಲೆ ಹೆಣ್ಣು ಹೂ. ಹೆಣ್ಣು ಹೂವಿನ ಬುಡದಲ್ಲಿ ಕಡಲೆಕಾಳಿನಷ್ಟು ಮಿಡಿ ಇರುತ್ತದೆ, ಅದರ ಮೇಲೆ ಎಳೆಯ ಬಿಳಿ ರೋಮ. ಮೊದಲ ಮಿಡಿ ಕಂಡ ದಿನ ಅಪ್ಪ ಕಚೇರಿಗೆ ಹೊರಟಿದ್ದರು. ಕರೆದು, "ಅಲ್ಲಿ ನೋಡ್ರಿ," ಎಂದು ಬೆರಳು ಮಾಡಿ ತೋರಿಸಿದೆ.

ಮಾವಶಿ ಮೇಲಿನ ಕಿಟಕಿಯಲ್ಲಿದ್ದರು.

ನಮ್ಮ ಕಡೆ ಮಿಡಿಗೆ ಬೆರಳು ಮಾಡಬಾರದು. ಮಾಡಿದರೆ ಕೊಳೆತು ಉದುರುತ್ತದೆ. ತೋರಿಸಲೇಬೇಕಾದರೆ ಮುಷ್ಟಿ ಕಟ್ಟಿ ತೋರಿಸಬೇಕು. ಮರೆತು ಬೆರಳು ಮಾಡಿದರೆ ಆ ಬೆರಳನ್ನು ಹಲ್ಲಿನಿಂದ ಕಚ್ಚಬೇಕು. ನಾನು ಇದನ್ನೆಲ್ಲ ಬಲ್ಲವಳೇ. ಮರೆತಿದ್ದೆ, ಕಚ್ಚಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಆ ಮಿಡಿ ಹಳದಿಯಾಗಿ ಉದುರಿತು. ಆಮೇಲೆ ಇನ್ನೊಂದು, ಮತ್ತೆರಡು. ಹೂ ಅರಳಿದ ದಿನ, ಉದುರಿದ ದಿನ ಎರಡನ್ನೂ ನಾನು ಬರೆದಿಡುತ್ತಿದ್ದೆ. ಒಂಬತ್ತು ಅರಳಿ, ಒಂಬತ್ತೂ ಉದುರಿದವು. ಅವ್ವ ಉದುರಿದ್ದನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡುತ್ತಿದ್ದಳು. ಮಾವಶಿ ಅಂದರು.

"ತಂಗಿ, ನಿನ್ನ ಮಗಳ ಕಲಿತಾಳ ಖರೆ. ಬೆರಳ ಮಡಚೂದ ಕಲಿಸಿಲ್ಲೇನ ಸಾಲ್ಯಾಗ?"

ಅವ್ವ ನನ್ನ ಮುಖ ನೋಡಿದಳು.

"ತೋರಿಸಿದ್ದೆ," ಅಂದೆ.

"ನಾಲ್ಕ ದಿನ ಹಿತ್ತಲಕ್ಕ ಬರಬ್ಯಾಡ ಪೋರಿ," ಅಂದರು ಮಾವಶಿ. ಸಿಟ್ಟಿರಲಿಲ್ಲ. ಜ್ವರ ಬಂದವರಿಗೆ ತಣ್ಣೀರು ಬೇಡ ಎನ್ನುವ ಧಾಟಿಯಲ್ಲಿ ಹೇಳಿದರು. ಅವ್ವನೂ ಅವರ ಮಾತು ತಳ್ಳಿಹಾಕಲಿಲ್ಲ. ಅವಳು ಅದನ್ನು ನಂಬಿದ್ದಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕಡೆಯ ಬೀಜದ ಬಳ್ಳಿಗಳು ಎದುರಿಗಿದ್ದಾಗ ಯಾವುದನ್ನೂ ಪೂರ್ತಿ ಅಲ್ಲಗಳೆಯುವ ಧೈರ್ಯ ಬರುವುದಿಲ್ಲವೆಂದು ಮಾತ್ರ ಅರ್ಥವಾಯಿತು.

ಹಿತ್ತಲಕ್ಕೆ ಹೋಗದೆ ಅಡುಗೆಮನೆಯ ಕಿಟಕಿಯಿಂದ ನೋಡತೊಡಗಿದೆ. ನೋಡುವುದೊಂದೇ ಉಳಿದಿದ್ದರಿಂದ ಚೆನ್ನಾಗಿ ನೋಡಿದೆ. ಮುಂಜಾನೆ ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ ಹೂ ತೆರೆದಿರುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಒಂದೋ ಎರಡೋ ಜೇನುಹುಳ ಬರುತ್ತಿದ್ದವು. ಎರಡನೆಯ ದಿನ ಒಂದು ಹುಳ ಗಂಡು ಹೂವಿಗೆ ಇಳಿದು, ಎದ್ದು, ಪಕ್ಕದ ಎಲೆಯ ಮೇಲೆ ಕೂತಿತು. ಎಲೆಯ ಮೇಲೆ ಸಂಜೆಯ ಕಂದು ಪುಡಿ ಇತ್ತು. ಹುಳ ಮುಂಗಾಲು ಒರೆಸಿಕೊಂಡಿತು. ಮತ್ತೆ ಒರೆಸಿಕೊಂಡಿತು. ಆಮೇಲೆ ಬೆನ್ನ ಮೇಲೆ ಬಿದ್ದು ಒಂದೇ ಜಾಗದಲ್ಲಿ ತಿರುಗತೊಡಗಿತು.

ನಾನು ಎರಡು ವರ್ಷ ಈ ವಿಷಯ ಓದಿ ಬಂದವಳು. ತಂಬಾಕಿನ ಪುಡಿ ಕೆಂಪು ಹುಳ, ಜೇನುಹುಳ ಎಂದು ಬೇರೆ ಮಾಡುವುದಿಲ್ಲ ಎಂಬುದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ಮಾತು. ಆ ಊರಿನಲ್ಲಿ ಬೀದಿಯಲ್ಲಿ, ಬಟ್ಟೆಯಲ್ಲಿ, ರೊಟ್ಟಿಯಲ್ಲಿ ಎಲ್ಲೆಡೆ ತಂಬಾಕಿನ ವಾಸನೆ. ಇನ್ನೊಬ್ಬರ ಬೇಳೆ ಮೂಸಿ ನೋಡುತ್ತಿದ್ದ ನನಗೆ ಇದು ಮೂಗಿಗೆ ಬಿದ್ದಿರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಕ್ಕಾರಿಗೆ ಹೆಂಗ ಹೇಳೂದ? ಅಕಿ ಜಾಗಾ, ಅಕಿ ನಳದ ನೀರು. ದಿನಾ ಸಂಜೀಕ ಮೆಟ್ಟಲಾ ಇಳದ ಬಂದ ಹಾಕತಾಳ. ನಿನ್ನ ಕೈಯಿಂದನ ಮಿಡಿ ಉದರಿದುವು ಅಂತ ಹೇಳೂದೇನ?"

"ಹಂಗಲ್ಲವಾ."

"ಮತ್ತ ಹೆಂಗ?"

ಯುಗಾದಿ ಹತ್ತಿರ ಬಂದಿತ್ತು. ಹೂ ಹಿಡಿದು ಹಣ್ಣಾಗಲು ಒಂದು ತಿಂಗಳ ಮೇಲೆ ಬೇಕು. ಗೌಂಡಿ ಮೇ ಮೊದಲ ವಾರ ಬರುವವನಿದ್ದ. ಲೆಕ್ಕ ಬೆರಳ ಮೇಲೆ ಮುಗಿಯುತ್ತಿತ್ತು.

ಮರುದಿನ ಮಾವಶಿ ಏಳುವುದಕ್ಕಿಂತ ಮುಂಚೆ ಹಿತ್ತಲಕ್ಕೆ ಹೋದೆ. ಆಗ ತಾನೇ ತೆರೆಯುತ್ತಿದ್ದ ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಿರುವಿ ಒತ್ತಿದೆ. ಪ್ರಯೋಗಾಲಯದಲ್ಲಿ ಚಿಮಟಿಯಲ್ಲಿ ಮಾಡಿದ್ದ ಕೆಲಸ. ಒಳಗೆ ಬರುವಾಗ ಎಲೆಗಳ ಕೆಳಗೆ ಬಿದ್ದಿದ್ದ ಜೇನುಹುಳಗಳನ್ನು ಹೆಕ್ಕಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡೆ. ಯಾಕೆ ಹಾಕಿಕೊಂಡೆನೋ. ಏನನ್ನಾದರೂ ಹೇಳುವ ಮೊದಲು ಕೈಯಲ್ಲಿ ಆಧಾರ ಇರಬೇಕೆಂಬ ಅಭ್ಯಾಸ ಇರಬೇಕು.

ಎರಡು ದಿನ ಯಾರೂ ನೋಡಲಿಲ್ಲ. ಮೂರನೆಯ ದಿನ ಹಿಂದಿನಿಂದ ಮಾತು ಬಂತು.

"ಹೂವಿನ ಕಿವ್ಯಾಗ ಏನ ಹೇಳಾಕತ್ತೀ ಪೋರಿ?"

ಮಾವಶಿ ಚೊಂಬು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

"ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಹಚ್ಚಾಕತ್ತೀನ್ರಿ. ಅಂದ್ರ ಕಾಯಿ ಹಿಡೀತೈತಿ."

"ಅಗ ಬಾಈ. ನಿನ್ನ ಲಗ್ನಕ್ಕ ನಿಮ್ಮಪ್ಪ ಊರೂರ ತಿರಗಾಕತ್ತಾನ. ನೀ ಇಲ್ಲಿ ಹೂವಿಗೆ ವರಾ ಹುಡಕೀದಿ. ಕುಂಡಲಿ ಕೂಡೇತೇನ?"

"ಒಂದ ಬಳ್ಳಿದ್ದರಿ ಎರಡೂ."

"ಹಂಗಾರ ಸೋದರಮಾವನ ಸಂಬಂಧ. ನಡೀತೈತಿ ಬಿಡ."

ನನಗೂ ನಗು ಬಂತು. ಅವರು ಹತ್ತಿರ ಬಂದು ನನ್ನ ಬೆರಳ ತುದಿಯ ಹಳದಿಯನ್ನು ನೋಡಿದರು.

"ಇದನ್ನ ಹುಳಾ ಮಾಡತಾವಲ್ಲ? ನಮ್ಮ ಊರಾಗ ಯಾರೂ ಹೂವಿಗೆ ಲಗ್ನಾ ಮಾಡಿದ್ದ ನಾ ನೋಡಿಲ್ಲ."

"ಹುಳಾ ಬರವಲ್ವರಿ."

"ಯಾಕ?"

ಒಳಗೆ ಹೋಗಿ ಕಡ್ಡಿಪೆಟ್ಟಿಗೆ ತಂದು ತೆರೆದು ಅವರ ಕೈಗೆ ಕೊಟ್ಟೆ. ಐದು ಜೇನುಹುಳ. ಒಣಗಿ ಹಗುರಾಗಿದ್ದವು. ರೆಕ್ಕೆಯ ಸಂದಿಯಲ್ಲಿ ಕಂದು ಪುಡಿ ಕಾಣುತ್ತಿತ್ತು. ಮಾವಶಿ ಪೆಟ್ಟಿಗೆಯನ್ನು ಬೆಳಕಿಗೆ ಓರೆ ಮಾಡಿ ನೋಡಿದರು. ತಂಬಾಕನ್ನು ಜರಡಿಯಲ್ಲಿ ಮೂರು ತರ ಬೇರೆ ಮಾಡುತ್ತಿದ್ದವರಿಗೆ ಆ ಪುಡಿ ಯಾವುದೆಂದು ಹೇಳಬೇಕಾಗಿರಲಿಲ್ಲ.

"ನನ್ನ ಪುಡಿ," ಅಂದರು.

"ಹೌದ್ರಿ."

"ಮತ್ತ ನೀ ಬೆರಳ ಮಾಡಿದ್ದಕ್ಕ ಉದರಿದುವು ಅಂತ ನಾ ಅಂದಾಗ ಯಾಕ ಸುಮ್ಮ ಇದ್ದಿ?"

"ಬೆರಳ ಮಾಡಿದ್ದ ಖರೇನ ಇತ್ತರಿ."

ಅವರು ಪೆಟ್ಟಿಗೆ ಮುಚ್ಚಿದರು. "ಮೂವತ್ತ ವರ್ಷ ಇದರಾಗನ ಉಸರಾಡೀನಿ. ನನಗೇನೂ ಆಗಿಲ್ಲಲಾ, ಎಲಿಗೇನ ಆಗತೈತಿ ಅಂತ ಹಾಕತಿದ್ದೆ," ಅಂದರು. ಚೊಂಬು ಅಲ್ಲೇ ಬಿಟ್ಟು ಮೇಲೆ ಹೋದರು.

ನಾನು ತಪ್ಪು ಮಾಡಿದೆ, ಹೇಳಬಾರದಿತ್ತು ಎಂದುಕೊಂಡೆ. ಅವ್ವ ಎದ್ದ ಮೇಲೆ ಅವಳಿಗೂ ಹೇಳಿದೆ. ಅವಳು ಏನೋ ಅನ್ನುವಷ್ಟರಲ್ಲಿ ಹಿತ್ತಲಲ್ಲಿ ಬಕೆಟ್ಟಿನ ಸದ್ದಾಯಿತು. ಮಾವಶಿ ಹಳೆಯ ಸೀರೆಯ ತುಂಡನ್ನು ನೀರಲ್ಲಿ ಹಿಂಡಿ, ಎಲೆಯ ಕೆಳಗೆ ಎಡಗೈ ಹಿಡಿದು ಬಲಗೈಯಿಂದ ಒರೆಸುತ್ತಿದ್ದರು. ಒಂದು ಎಲೆ ಮುಗಿಸಿ ಇನ್ನೊಂದು. ಮೂರು ಬಳ್ಳಿಗಳ ಎಲೆಗಳೆಲ್ಲ ಮುಗಿಯಲು ಹನ್ನೊಂದು ಗಂಟೆಯಾಯಿತು. ಅವ್ವ ಇನ್ನೊಂದು ಅರಿವೆ ತೆಗೆದುಕೊಂಡು ಹೋಗಿ ಆ ತುದಿಯಿಂದ ಶುರು ಮಾಡಿದಳು. ಇಬ್ಬರೂ ಲಗ್ನದ ಸೀರೆಗಳ ಮಾತಾಡುತ್ತಿದ್ದರು. ತಂಬಾಕಿನ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಕೆಂಪು ಹುಳ ಕಂಡರೆ ಮಾವಶಿ ಕೈಯಿಂದಲೇ ಹಿಡಿದು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದರು.

ಐದು ಹೂಗಳಿಗೆ ನಾನು ಪುಡಿ ಹಚ್ಚಿದ್ದೆ. ಮೂರು ಹಿಡಿದವು. ಎರಡು ಒಂದೇ ಬಳ್ಳಿಯಲ್ಲಿದ್ದವು. ಎರಡೂ ಬೆಳೆದರೆ ಯಾವುದರ ಬೀಜವೂ ಬಲಿಯುವುದಿಲ್ಲವೆಂದು ಅವ್ವ ಒಂದನ್ನು ತಾನೇ ಚಿವುಟಿ ತೆಗೆದಳು. ಚಿವುಟುವಾಗ ಬೇರೆ ಕಡೆ ನೋಡಿದಳು. ಇನ್ನೊಂದನ್ನು ಲಿಂಬೆಯಷ್ಟಿದ್ದಾಗ ಇಲಿ ಕಡಿಯಿತು. ಹೀಗೆ ಒಂದು ಉಳಿಯಿತು. ಅದು ಮುಷ್ಟಿಯಷ್ಟಾದ ಮೇಲೆ ಭಾರಕ್ಕೆ ಬಳ್ಳಿ ಜಗ್ಗತೊಡಗಿತು. ಅವ್ವ ಸೀರೆಯ ತುಂಡಿನಿಂದ ಜೋಲಿ ಮಾಡಿ, ಕಾಯಿಯನ್ನು ಅದರಲ್ಲಿ ಮಲಗಿಸಿ ಗಳಕ್ಕೆ ಕಟ್ಟಿದಳು. ತೊಟ್ಟಿಲ ಹಾಗೆ ಕಾಣುತ್ತಿತ್ತು. ನೆರೆಯವರು ಹಿತ್ತಲ ಗೋಡೆಯ ಮೇಲಿಂದ ಇಣುಕಿ, ಹೆಸರು ಏನಿಟ್ಟಿರಿ ಎಂದು ಕೇಳುತ್ತಿದ್ದರು.

ಏಪ್ರಿಲ್ ಕಡೆಯಲ್ಲಿ ಫರಸಿ ಬಂದು ಗೋಡೆಗೆ ಒರಗಿ ನಿಂತವು. ಮರುದಿನ ಸದಲಗಾ ಕಡೆಯಿಂದ ಒಂದು ಟ್ರ್ಯಾಕ್ಟರ್ ದೂಧಗಂಗೆಯ ಉಸುಕು ಬಂತು. ಅದನ್ನು ಅಂಗಳದಲ್ಲಿ ಸುರಿದು ಹೋದ ಮೇಲೆ ಅವ್ವ ಒಂದು ಹಿಡಿ ತೆಗೆದುಕೊಂಡು ಬೆರಳುಗಳ ನಡುವೆ ಬಿಡುತ್ತ ಬಹಳ ಹೊತ್ತು ನಿಂತಿದ್ದಳು. "ನಮ್ಮ ಹೊಳೀದು ಇದಕ್ಕಿಂತ ಸಣ್ಣಂದು," ಅಂದಳು.

ಗೌಂಡಿ ಬಂದಾಗ ಕಾಯಿ ಇನ್ನೂ ಹಸಿರಾಗಿತ್ತು. ಮೈಮೇಲೆ ಬಲೆ ಮೂಡಿತ್ತು, ಆದರೆ ತೊಟ್ಟಿನ ಸುತ್ತ ಬಿರುಕು ಬಂದಿರಲಿಲ್ಲ. ಆ ಬಿರುಕು ಬಂದರೆ ಹಣ್ಣಾಯಿತೆಂದು ಅರ್ಥ; ಆಮೇಲೆ ಬಳ್ಳಿ ತಾನೇ ಕೈಬಿಡುತ್ತದೆ. ಮೊದಲೇ ಕಿತ್ತರೆ ಬೀಜ ಜೊಳ್ಳು. ಅವ್ವ ಬಾಗಿಲಲ್ಲಿ ನಿಂತು ಗೌಂಡಿ ದಾರ ಹಿಡಿಯುವುದನ್ನು ನೋಡುತ್ತಿದ್ದಳು. ಮಾತು ಕೊಟ್ಟಿದ್ದಳು, ಕೇಳುವಂತಿರಲಿಲ್ಲ.

"ಆ ಮೂಲಿಯಿಂದ ಹಿಡಿ," ಎಂದು ಮಾವಶಿ ಬಚ್ಚಲ ಕಡೆ ಕೈ ಮಾಡಿದರು.

"ಇಳಿಜಾರ ಗ್ವಾಡಿ ಕಡಿಂದ ಹಿಡೀಬೇಕ್ರಿ ಮಾವಶಿ. ಆಕಡಿಂದ ಬಂದ್ರ ನೀರ ಗಟಾರಕ್ಕ ಹೋಗೂದಿಲ್ಲ."

"ಹೋಗದಿದ್ರ ನಾ ಕಸಬರಿಗಿ ತಗೊಂಡ ಕಳಸ್ತೀನಿ. ನೀ ಆಕಡಿಂದ ಹಿಡಿ."

"ಒಂದ ಕಾಯಿ ಸಲುವಾಗಿ ಇಳಿಜಾರ ಕೆಡಸ್ತೀರಿ?"

"ಎಲ್ಲೈತಿ ಕಾಯಿ? ನನಗ ಕಾಣವಲ್ದು," ಅಂದರು ಮಾವಶಿ.

ಗೌಂಡಿ ಗೊಣಗುತ್ತ ಬಚ್ಚಲ ಕಡೆಯಿಂದ ಶುರು ಮಾಡಿದ. ದಿನಕ್ಕೆ ಎಂಟು ಹತ್ತು ಫರಸಿ ಕೂಡುತ್ತಿದ್ದವು. ಮೊದಲ ದಿನ ಬಚ್ಚಲು, ಎರಡನೆಯ ದಿನ ಒಗೆಯುವ ಕಲ್ಲಿನ ಸುತ್ತ. ಸಿಮೆಂಟಿಗೆ ಹೊಡೆದ ನೀರು ಹರಿದು ಬಳ್ಳಿಯ ಬುಡಕ್ಕೆ ಬರುತ್ತಿತ್ತು. ಹಣ್ಣಾಗುವ ಹೊತ್ತಿಗೆ ನೀರು ತಾಗಬಾರದು. ಅವ್ವ ಮಣ್ಣಿನ ಒಡ್ಡು ಕಟ್ಟಿ ಕಟ್ಟಿ ತಿರುಗಿಸುತ್ತಿದ್ದಳು. ನಾಲ್ಕನೆಯ ದಿನಕ್ಕೆ ಗಟಾರದ ಅಂಚಿಗೆ ಬಂದ.

ಐದನೆಯ ದಿನ ಮುಂಜಾನೆ ನಾನು ಕಿಟಕಿ ತೆರೆದಾಗಲೇ ತಿಳಿಯಿತು. ವಾಸನೆ ಅಡುಗೆ ಮನೆಯೊಳಗೆ ಬಂದಿತ್ತು. ಅವ್ವ ನನಗಿಂತ ಮೊದಲೇ ಹಿತ್ತಲಲ್ಲಿದ್ದಳು. ಹಣ್ಣು ತೊಟ್ಟು ಬಿಟ್ಟು ಜೋಲಿಯಲ್ಲಿ ಮಲಗಿತ್ತು. ಅವ್ವ ಅದನ್ನು ಮುಟ್ಟದೆ ನಿಂತಿದ್ದಳು.

ಮಾವಶಿಯನ್ನು ಕರೆದೆ. ಅವರು ಬಂದಾಗ ನಾನು ಜೋಲಿಯ ಕಡೆ ತೋರಿಸಿದೆ. ತೋರಿಸಿದ ಮೇಲೆ ಗಮನಿಸಿದೆ, ಮುಷ್ಟಿ ಕಟ್ಟಿದ್ದೆ.

ಅವರು ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಹೆಂಗೈತಿ?"

"ಛಲೋ ಐತ್ರಿ."

"ಛಲೋ ಅಂದ್ರ? ನಿನ್ನೀ ಬ್ಯಾಳಿಗೂ ಛಲೋ ಅಂತಿ. ಸರಿ ಹೇಳ."

ನಾನು ಹಣ್ಣು ತೆಗೆದುಕೊಂಡು ಮತ್ತೆ ಮೂಸಿದೆ. ಇಷ್ಟು ದಿನ ಅವರಿಗೆ ಹೌದು, ಅಲ್ಲ ಎಂದು ಮಾತ್ರ ಹೇಳಿದ್ದೆ. ವಾಸನೆ ಹೇಗಿದೆಯೆಂದು ಹೇಳಿರಲಿಲ್ಲ. ಹುಡುಕಿ ಹೇಳಬೇಕಾಯಿತು.

"ಹೊಸಾ ಗಡಗಿಗೆ ಮೊದಲನೇ ಸಲ ನೀರ ಹಾಕಿದಾಗ ಬರತೈತಲ್ರಿ, ಅದು. ಅದರ ಮ್ಯಾಲ ಗಾಣದ ಮನ್ಯಾಗ ಬೆಲ್ಲಾ ಇಳಸೂ ಹೊತ್ತಿಂದು. ಬಹಳ ಇಲ್ಲ. ದೂರಿಂದ ಬಂದಂಗ."

ಮಾವಶಿ ಹಣ್ಣನ್ನು ಮತ್ತೆ ಕೈಗೆ ತೆಗೆದುಕೊಂಡರು. "ಹೊಸಾ ಗಡಗಿ," ಅಂದರು. "ಹಾಂ. ನೆನಪೈತಿ."

ಹಣ್ಣನ್ನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೊಯ್ದೆವು. ಗೌಂಡಿಯ ನೀರು ತಾಗಿದ್ದರಿಂದ ಸ್ವಲ್ಪ ಸಪ್ಪಗಿತ್ತು. ಮಾವಶಿ ಬೆಲ್ಲ ತಂದು ಕೆರೆದು ಹಾಕಿದರು. ಗೌಂಡಿಗೂ ಒಂದು ಹೋಳು ಕೊಟ್ಟರು. ಅವ್ವ ತಿನ್ನಲಿಲ್ಲ. ಒಳಗಿನ ನಾರು ತೆಗೆದು ನೀರಲ್ಲಿ ಹಾಕಿ ಹಿಸುಕುತ್ತ ಕೂತಿದ್ದಳು. ಒಳ್ಳೆಯ ಬೀಜ ತಳಕ್ಕೆ ಇಳಿದವು. ಅವನ್ನು ಮೊರದಲ್ಲಿ ಹರವಿದಾಗ ಮಾವಶಿ ಬಂದು ಪಕ್ಕದಲ್ಲಿ ಕೂತರು. ಕೈ ತಡೆಯದೆ ಜೊಳ್ಳು ಬೇರೆ, ಗಟ್ಟಿ ಬೇರೆ ಮಾಡತೊಡಗಿದರು.

"ಬರೂ ವರ್ಷ ಎಲ್ಲಿ ಹಚ್ಚತಿ ತಂಗಿ?"

"ನೋಡೂದ್ರಿ ಅಕ್ಕಾರ. ಎಲ್ಲರೆ ಡಬ್ಬಿಯೊಳಗ."

ಮಾವಶಿ ಕೈ ಒರೆಸಿಕೊಂಡು ಎದ್ದು ಗೌಂಡಿಯ ಹತ್ತಿರ ಹೋದರು.

"ಗ್ವಾಡಿ ಬಾಜೂಕ ಎರಡ ಫರಸಿಗೆ ಸಿಮೆಂಟ ಹಾಕಬ್ಯಾಡ. ಕೆಳಗಿನ ಮಣ್ಣ ತಗದ, ಕುಣಿ ತುಂಬ ಉಸಕ ಹಾಕು. ಮ್ಯಾಲ ಫರಸಿ ಬರೇ ಇಡು."

"ಬರೇ ಇಟ್ರ ಅಲಗ್ಯಾಡತಾವ್ರಿ. ಲಗ್ನದ ಮನ್ಯಾಗ ಯಾರರೆ ಎಡವತಾರ. ನನ್ನ ಹೆಸರ ಕೆಡತೈತಿ."

"ಎಡವಲಿ. ನಿನ್ನ ಹೆಸರ ಯಾರಿಗೂ ಹೇಳೂದಿಲ್ಲ."

ಅವ್ವ ತಲೆ ಎತ್ತಲಿಲ್ಲ. ಬೀಜ ಹರವುವ ಕೈ ಮಾತ್ರ ನಿಂತು, ಮತ್ತೆ ಶುರುವಾಯಿತು.

ಬಳ್ಳಿಗಳನ್ನು ಅಂದೇ ಕಿತ್ತೆವು. ಲಗ್ನಕ್ಕೆ ಹಿತ್ತಲು ಒಪ್ಪವಾಗಿತ್ತು. ಪಾತ್ರೆ ತೊಳೆಯಲು ಬಂದವರು, ಕೈ ತೊಳೆಯಲು ಬಂದ ಬೀಗರು ಗೋಡೆಯ ಕಡೆ ಹೋದರೆ ಎರಡು ಫರಸಿ ಕಾಲಡಿಯಲ್ಲಿ ಟಕ್ಕೆನ್ನುತ್ತಿದ್ದವು. ಬೀಗರ ಪೈಕಿ ಒಬ್ಬ ಹಿರಿಯರು ಮುಗ್ಗರಿಸಿ, ಈ ಕಾಲದ ಗೌಂಡಿಗಳಿಗೆ ಕೈ ಕೆಲಸವೇ ಗೊತ್ತಿಲ್ಲವೆಂದು ಬೈದರು. ಮಾವಶಿ ಹೌದೆಂದು ತಲೆಯಾಡಿಸಿದರು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ನಾನು ಕೆಲಸ ಸಿಕ್ಕು ಬೇರೆ ಊರಿನಲ್ಲಿದ್ದೆ. ಹಬ್ಬಕ್ಕೆ ಬಂದವಳು ಎರಡು ದಿನ ಹೆಚ್ಚು ಉಳಿದೆ. ಮಾವಶಿ ಒಂದು ಕಡೆ, ನಾನು ಒಂದು ಕಡೆ ಹಿಡಿದು ಫರಸಿ ಎತ್ತಿ ಗೋಡೆಗೆ ನಿಲ್ಲಿಸಿದೆವು. ಕೆಳಗೆ ಉಸುಕು ತಣ್ಣಗಿತ್ತು. ಅವ್ವ ಡಬ್ಬಿ ತಂದಳು. ಪತ್ರಿಕೆ ಹಾಸಲಿಲ್ಲ, ಬೂದಿ ಸುರುವಲಿಲ್ಲ. ನಿಂತಲ್ಲೇ ಮುಚ್ಚಳ ತೆಗೆದು ಬೂದಿಯೊಳಗೆ ಕೈ ಇಳಿಸಿ, ಎಣಿಸದೆ, ಒಂದು ಹಿಡಿ ತೆಗೆದಳು.